ಒಡೆತನ ಬಿಟ್ಟುಕೊಟ್ಟಾಗ ಉಳಿಯುವ ಪ್ರಭೇದಗಳು: ಮೃಗಾಲಯಗಳ ಸಹಕಾರ ಕುರಿತು

(ಮಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಾನ್ಯರೇ,

ರಜೆಗೆ ಬಂದ ನೆಂಟರ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ಬಂದಾಗ ಮಂಗಳೂರಿನ ಮನೆಗಳಲ್ಲಿ ಪಣಂಬೂರಿನ ಕಡಲತೀರದ ಜೊತೆಗೆ ಪಿಲಿಕುಳದ ಹೆಸರೂ ಬಂದೇ ಬರುತ್ತದೆ. ಅಲ್ಲಿನ ಡಾ. ಶಿವರಾಮ ಕಾರಂತ ಜೈವಿಕ ಉದ್ಯಾನದಲ್ಲಿ ಹುಲಿಯನ್ನೂ ಕಾಳಿಂಗವನ್ನೂ ನೋಡಿ ಬರುವ ನಮಗೆ, ಆ ಪ್ರಾಣಿಗಳು ಪಿಲಿಕುಳದವು, ಅವುಗಳ ವಿಷಯದಲ್ಲಿ ಏನೇ ತೀರ್ಮಾನವಾದರೂ ಅದು ಪಿಲಿಕುಳದಲ್ಲೇ ಆಗುತ್ತದೆ ಎಂದು ಅನ್ನಿಸುವುದು ಸಹಜ. ಇಂದು ನಾನು ಹೇಳಬೇಕೆಂದಿರುವುದು ಇದಕ್ಕೆ ಬೇರೆಯಾದ ಮಾತು. ಅಳಿವಿನ ಭೀತಿಯಲ್ಲಿರುವ ಒಂದು ಪ್ರಭೇದವನ್ನು ಯಾವ ಮೃಗಾಲಯವೂ, ಅದು ಎಷ್ಟೇ ದೊಡ್ಡದಿರಲಿ, ಎಷ್ಟೇ ಹಣವಂತವಾಗಿರಲಿ, ತಾನೊಂದೇ ನಿಂತು ಉಳಿಸಲಾರದು. ಉಳಿಸಿದ ಉದಾಹರಣೆಗಳನ್ನೆಲ್ಲ ತೆಗೆದು ನೋಡಿದರೆ, ಅಲ್ಲೆಲ್ಲ ಹಲವು ಮೃಗಾಲಯಗಳು ತಮ್ಮ ಪ್ರಾಣಿಗಳ ಮೇಲಿನ ಒಡೆತನವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಟ್ಟು, ಒಂದು ಸಾಮಾನ್ಯ ಲೆಕ್ಕಕ್ಕೆ ತಲೆಬಾಗಿರುವುದು ಕಾಣುತ್ತದೆ. ಯಾವ ಗಂಡು ಯಾವ ಹೆಣ್ಣಿನ ಜೊತೆ ಸೇರಬೇಕು, ಯಾವ ಮರಿ ಯಾವ ಊರಿಗೆ ಹೋಗಬೇಕು, ಯಾವ ಜೋಡಿಗೆ ಇನ್ನು ಮರಿಯಾಗಬಾರದು ಎಂಬ ತೀರ್ಮಾನಗಳು ಅಲ್ಲಿ ಒಂದು ಮೃಗಾಲಯದ ಕಚೇರಿಯಲ್ಲಿ ಮಾತ್ರ ಆಗುವುದಿಲ್ಲ.

ಮೊದಲು ಮಾನ್ಯತೆಯ ವಿಚಾರ. ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬಲವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿಯಾಗಿ ಮೃಗಾಲಯಗಳಿಗೆಂದೇ ಪ್ರತ್ಯೇಕ ಅಧ್ಯಾಯವೊಂದು ಸೇರಿತು. ಅದರಂತೆ 1992ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾಯಿತು. ಪ್ರಾಧಿಕಾರದ ಮಾನ್ಯತೆಯಿಲ್ಲದೆ ದೇಶದಲ್ಲಿ ಯಾರೂ ಮೃಗಾಲಯ ನಡೆಸುವಂತಿಲ್ಲ. ಆವರಣದ ವಿಸ್ತೀರ್ಣ, ಪಶುವೈದ್ಯರ ಲಭ್ಯತೆ, ನೀರು, ಆಹಾರ, ಪ್ರಾಣಿಗಳ ದಾಖಲೆ, ಹೊಸದಾಗಿ ಬಂದ ಪ್ರಾಣಿಯನ್ನು ಪ್ರತ್ಯೇಕವಾಗಿಡುವ ವ್ಯವಸ್ಥೆ, ಇವೆಲ್ಲವನ್ನೂ ಪರಿಶೀಲಿಸಿಯೇ ಮಾನ್ಯತೆ ಕೊಡುತ್ತಾರೆ, ಇಲ್ಲವೇ ಹಿಂತೆಗೆಯುತ್ತಾರೆ. ಇಂದು ದೇಶದಲ್ಲಿ ಮಾನ್ಯತೆ ಪಡೆದ ಮೃಗಾಲಯಗಳು 150ರ ಆಸುಪಾಸಿನಲ್ಲಿವೆ. ಸಹಕಾರದ ದೃಷ್ಟಿಯಿಂದ ಕಾಯ್ದೆಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ: ಮಾನ್ಯತೆ ಪಡೆದ ಮೃಗಾಲಯಗಳು ಸಂರಕ್ಷಿತ ಪ್ರಾಣಿಗಳನ್ನು ಪರಸ್ಪರ ವರ್ಗಾಯಿಸಿಕೊಳ್ಳಲು ಪ್ರಾಧಿಕಾರದ ಅನುಮತಿ ಬೇಕೇ ಬೇಕು. ಪತ್ರಿಕೆಗಳಲ್ಲಿ ನಾವು ಓದುವ ‘ಪ್ರಾಣಿ ವಿನಿಮಯ’ದ ಸುದ್ದಿಗಳ ಹಿಂದೆ ಇರುವುದು ಈ ನಿಯಮ. ಸಂರಕ್ಷಿತ ಪ್ರಾಣಿಯೊಂದನ್ನು ಸರಕಿನಂತೆ ಕೊಂಡು ಮಾರುವ ದಾರಿಯನ್ನು ಕಾನೂನು ಮುಚ್ಚಿದ್ದರಿಂದಲೇ, ಅದನ್ನು ಪ್ರಭೇದದ ಅಗತ್ಯಕ್ಕೆ ತಕ್ಕಂತೆ ಕಳುಹಿಸುವ ದಾರಿ ತೆರೆಯಿತು.

ಹೊರದೇಶಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಮೃಗಾಲಯಗಳ ಸಂಘಗಳೇ ಮಾಡಿಕೊಂಡು ಬಂದಿವೆ. ಅಮೆರಿಕದ ಮೃಗಾಲಯಗಳ ಸಂಘವು ಪ್ರಭೇದವಾರು ಜಂಟಿ ಯೋಜನೆಗಳನ್ನು 1981ರಲ್ಲಿ ಆರಂಭಿಸಿತು. ಯುರೋಪಿನವರು 1985ರಲ್ಲಿ ತಮ್ಮದೇ ಕಾರ್ಯಕ್ರಮ ಶುರುಮಾಡಿದರು. ಅಲ್ಲಿ ಸಂಘದ ಸದಸ್ಯತ್ವ ಬೇಕಾದರೆ ಪರಿಶೀಲನೆಗೆ ಒಳಪಡಬೇಕು, ಮತ್ತು ಅಮೆರಿಕದಲ್ಲಂತೂ ಐದು ವರ್ಷಕ್ಕೊಮ್ಮೆ ಆ ಪರೀಕ್ಷೆಯನ್ನು ಹೊಸದಾಗಿ ಎದುರಿಸಬೇಕು. ಮಾನ್ಯತೆಯನ್ನು ಕೇವಲ ಗೌರವದ ಫಲಕವೆಂದು ಭಾವಿಸಬಾರದು. ತನ್ನ ಹೆಣ್ಣು ಸಿಂಗಳೀಕವನ್ನು ಇನ್ನೊಂದು ಊರಿಗೆ ಕಳುಹಿಸುವ ಮೃಗಾಲಯಕ್ಕೆ, ಆ ಊರಿನಲ್ಲಿ ಅದನ್ನು ಸರಿಯಾಗಿ ನೋಡಿಕೊಳ್ಳುತ್ತಾರೆ, ಹುಟ್ಟಿದ ಮರಿಯ ಲೆಕ್ಕ ತಪ್ಪದೆ ಬರೆಯುತ್ತಾರೆ, ಮತ್ತೆ ಕೇಳಿದಾಗ ಕೊಡುತ್ತಾರೆ ಎಂಬ ನಂಬಿಕೆ ಬೇಕು. ಮಾನ್ಯತೆ ಆ ನಂಬಿಕೆಗೆ ಆಧಾರ.

ಈಗ ಲೆಕ್ಕದ ವಿಚಾರಕ್ಕೆ ಬರೋಣ. ಇಡೀ ವ್ಯವಸ್ಥೆಯ ಬೆನ್ನೆಲುಬು ಇರುವುದು ಅಲ್ಲಿಯೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅಗತ್ಯ.

1979ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕ್ಯಾಥರೀನ್ ರಾಲ್ಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮೃಗಾಲಯಗಳಲ್ಲಿದ್ದ 16 ಬಗೆಯ ಗೊರಸಿನ ಪ್ರಾಣಿಗಳ ಹಳೆಯ ದಾಖಲೆಗಳನ್ನು ತೆಗೆದು, ರಕ್ತಸಂಬಂಧಿಗಳ ಜೋಡಿಗೆ ಹುಟ್ಟಿದ ಮರಿಗಳು ಎಷ್ಟು ಸತ್ತವು, ಸಂಬಂಧವಿಲ್ಲದ ಜೋಡಿಗೆ ಹುಟ್ಟಿದವು ಎಷ್ಟು ಸತ್ತವು ಎಂದು ಹೋಲಿಸಿದರು. 16ರಲ್ಲಿ 15 ಪ್ರಭೇದಗಳಲ್ಲಿ ರಕ್ತಸಂಬಂಧದ ಮರಿಗಳೇ ಹೆಚ್ಚಾಗಿ ಸತ್ತಿದ್ದವು. ಅಲ್ಲಿಯವರೆಗೆ ಮೃಗಾಲಯಗಳು ಒಂದು ಗಂಡು, ಎರಡು ಹೆಣ್ಣು ತಂದಿಟ್ಟುಕೊಂಡು, ಹುಟ್ಟಿದ ಮರಿಗಳನ್ನೇ ಮತ್ತೆ ಜೋಡಿ ಮಾಡುತ್ತ, ಮೂರು ನಾಲ್ಕು ತಲೆಮಾರುಗಳ ನಂತರ ಸಂತಾನ ಕ್ಷೀಣಿಸಿದರೆ ಅದನ್ನು ಆಹಾರದ ದೋಷವೆಂದೋ ಹವಾಮಾನದ ದೋಷವೆಂದೋ ತಿಳಿಯುತ್ತಿದ್ದವು. ದೋಷ ವಂಶದಲ್ಲೇ ಇತ್ತೆಂಬುದು ಈ ಅಂಕಿಗಳಿಂದ ಸ್ಪಷ್ಟವಾಯಿತು. ಹತ್ತು ಹುಲ್ಲೆಗಳಿರುವ ಒಂದು ಮೃಗಾಲಯ ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ತಲೆಮಾರುಗಳಲ್ಲಿ ಅವೆಲ್ಲ ಅಣ್ಣತಂಗಿಯರೇ ಆಗಿಬಿಡುತ್ತವೆ. ಆದರೆ ಹತ್ತು ಹತ್ತರಂತೆ ಇಪ್ಪತ್ತು ಮೃಗಾಲಯಗಳಲ್ಲಿರುವ 200 ಹುಲ್ಲೆಗಳನ್ನು ಒಂದೇ ಹಿಂಡೆಂದು ಎಣಿಸಿ ನಡೆಸಿದರೆ, ಆ ಗಂಡಾಂತರವನ್ನು ಬಹಳ ಕಾಲ ಮುಂದೂಡಬಹುದು.

ಹಾಗೆ ನಡೆಸುವ ಸಾಧನವೇ ವಂಶಾವಳಿ ಪುಸ್ತಕ. ಮೃಗಾಲಯದವರು ಸ್ಟಡ್‌ಬುಕ್ ಎನ್ನುತ್ತಾರೆ. ಪ್ರತಿ ಪ್ರಾಣಿಗೂ ಒಂದು ಸಂಖ್ಯೆ, ತಂದೆ ತಾಯಿಯ ಸಂಖ್ಯೆ, ಹುಟ್ಟಿದ ದಿನ ಮತ್ತು ಸ್ಥಳ, ಹೋದ ಬಂದ ಊರುಗಳು, ಸಾವಿನ ದಿನ ಮತ್ತು ಕಾರಣ. ತುಳುನಾಡಿನವರಾದ ನಮಗೆ ಇದು ಹೊಸ ವಿಚಾರವೇನಲ್ಲ. ಮದುವೆಯ ಮಾತು ಬಂದ ಕೂಡಲೇ ‘ಯಾವ ಬಳಿ?’ ಎಂದು ಕುಲವನ್ನು ಕೇಳುವ, ಒಂದೇ ಬಳಿಯವರೆಂದು ತಿಳಿದರೆ ಮಾತನ್ನು ಅಲ್ಲಿಗೇ ನಿಲ್ಲಿಸುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ವಂಶಾವಳಿ ಪುಸ್ತಕವನ್ನು ಇಟ್ಟುಕೊಂಡವರು ಪ್ರಪಂಚದ ತುಂಬ ಚದುರಿರುವ ಒಂದು ಪ್ರಭೇದಕ್ಕೆ ಅಂಥ ಹಿರಿಯರಾಗಿರುತ್ತಾರೆ. ವನ್ಯಪ್ರಭೇದವೊಂದಕ್ಕೆ ಇಂಥ ಅಂತರರಾಷ್ಟ್ರೀಯ ಪುಸ್ತಕ ಮೊದಲು ಹೊರಬಂದದ್ದು 1932ರಲ್ಲಿ, ಯುರೋಪಿನ ಕಾಡುಕೋಣವಾದ ಬೈಸನ್‌ಗಾಗಿ. ಮೊದಲ ಮಹಾಯುದ್ಧದ ನಂತರ ಕಾಡಿನಲ್ಲಿ ಪೂರ್ತಿ ನಿರ್ನಾಮವಾಗಿದ್ದ ಆ ಪ್ರಾಣಿಯ ಇಂದಿನ ಸಂತತಿಯೆಲ್ಲವೂ ಸೆರೆಯಲ್ಲಿ ಉಳಿದಿದ್ದ ಕೇವಲ 12 ಪೂರ್ವಜರಿಂದ ಬಂದದ್ದು. ಮಂಗೋಲಿಯಾದ ಪ್ರಜ್ವಾಲ್‌ಸ್ಕಿ ಕಾಡುಕುದುರೆಯ ಪುಸ್ತಕ 1959ರಲ್ಲಿ ಆರಂಭವಾಗಿ ಪ್ರಾಗ್ ಮೃಗಾಲಯದಲ್ಲಿ ಮುಂದುವರಿಯಿತು. 1960ರ ದಶಕದಲ್ಲಿ ಕಾಡಿನಿಂದ ಕಣ್ಮರೆಯಾದ ಆ ಕುದುರೆಗಳು 1992ರಲ್ಲಿ ಮತ್ತೆ ಮಂಗೋಲಿಯಾದ ಹುಲ್ಲುಗಾವಲಿಗೆ ಬಂದಿಳಿದವು.

ಇಂದು ಈ ಪುಸ್ತಕಗಳು ಕಂಪ್ಯೂಟರಿಗೆ ಬಂದಿವೆ. 1973ರಲ್ಲಿ ಅಮೆರಿಕದಲ್ಲಿ ಆರಂಭವಾದ, ಈಗ ಸ್ಪೀಷೀಸ್360 ಎಂಬ ಹೆಸರಿನ ಸಂಸ್ಥೆಯ ದಾಖಲೆ ವ್ಯವಸ್ಥೆಗೆ ಜಗತ್ತಿನ ಸಾವಿರಕ್ಕೂ ಹೆಚ್ಚು ಮೃಗಾಲಯ, ಮತ್ಸ್ಯಾಲಯಗಳು ಮಾಹಿತಿ ಸೇರಿಸುತ್ತವೆ. ಅದರ ಮೇಲೆ ನಡೆಯುವ ಲೆಕ್ಕಾಚಾರದ ತಿರುಳು ಸರಳವಾಗಿದೆ. ಪ್ರತಿ ಪ್ರಾಣಿಗೂ ಹಿಂಡಿನ ಉಳಿದೆಲ್ಲ ಪ್ರಾಣಿಗಳೊಂದಿಗೆ ಇರುವ ಸಂಬಂಧದ ಸರಾಸರಿಯನ್ನು ತೆಗೆಯುತ್ತಾರೆ. ನೆಂಟರು ಕಡಿಮೆಯಿರುವ ಪ್ರಾಣಿ ಅಮೂಲ್ಯ, ಅದಕ್ಕೆ ಮರಿಯಾಗಲೇಬೇಕು. ನೆಂಟರು ತುಂಬಿರುವ ಪ್ರಾಣಿ ಎಷ್ಟೇ ಸುಂದರವಾಗಿರಲಿ, ಜನ ಎಷ್ಟೇ ಮೆಚ್ಚಲಿ, ಅದರ ಸರದಿ ಕೊನೆಗೆ. ಕಾಡಿನಿಂದ ತಂದ ಮೂಲ ಪ್ರಾಣಿಗಳಲ್ಲಿದ್ದ ವಂಶವಾಹಿ ವೈವಿಧ್ಯದಲ್ಲಿ ಶೇ. 90ರಷ್ಟನ್ನಾದರೂ ನೂರು ವರ್ಷ ಕಾಯ್ದುಕೊಳ್ಳಬೇಕೆಂಬುದು ಇಂಥ ಯೋಜನೆಗಳು ಸಾಮಾನ್ಯವಾಗಿ ಇಟ್ಟುಕೊಂಡ ಗುರಿ. ನೂರು ವರ್ಷದ ಗುರಿ ಎಂದರೆ ಏನೆಂದು ಯೋಚಿಸಿ: ಯೋಜನೆ ಬರೆದವರು, ಅದನ್ನು ಅನುಮೋದಿಸಿದ ಅಧಿಕಾರಿಗಳು, ಇಂದು ಆ ಪ್ರಾಣಿಗೆ ಮೇವು ಹಾಕುತ್ತಿರುವವರು ಯಾರೂ ಅದರ ಫಲವನ್ನು ಪೂರ್ತಿ ಕಾಣಲಾರರು. ಹಾಗಿದ್ದೂ ಈ ಕೆಲಸ ನಡೆಯುತ್ತಿದೆಯೆಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಒಡೆತನ ಬಿಟ್ಟುಕೊಡುವುದೆಂದರೆ ಏನೆಂಬುದನ್ನು ಎರಡು ಚರಿತ್ರೆಗಳಿಂದ ನೋಡಬಹುದು. ಮೊದಲನೆಯದು ಅರೇಬಿಯದ ಆರಿಕ್ಸ್ ಎಂಬ ಬಿಳಿ ಮೈಯ, ನೇರ ಕೋಡಿನ ಹುಲ್ಲೆಯದು. ಮರುಭೂಮಿಯಲ್ಲಿ ಜೀಪುಗಳಲ್ಲಿ ಬೆನ್ನಟ್ಟಿ ಬೇಟೆಯಾಡುವ ಹವ್ಯಾಸ ಹೆಚ್ಚಿದಂತೆ ಅದರ ಸಂಖ್ಯೆ ಕುಸಿಯತೊಡಗಿತು. 1962ರಲ್ಲಿ ಏಡನ್ನಿನ ಪೂರ್ವದ ಮರುಭೂಮಿಯಿಂದ ಹಿಡಿದ ಮೂರು ಆರಿಕ್ಸ್‌ಗಳು ಬದುಕುಳಿದವು. ಲಂಡನ್ ಮೃಗಾಲಯ ತನ್ನಲ್ಲಿದ್ದ ಒಂದನ್ನು ಕೊಟ್ಟಿತು. ಕುವೈತಿನ ಅರಸರು ಒಂದನ್ನು ಕೊಟ್ಟರು. ಸೌದಿ ಅರೇಬಿಯದ ದೊರೆ ನಾಲ್ಕನ್ನು ಕೊಟ್ಟರು. ಈ ಒಂಬತ್ತು ಪ್ರಾಣಿಗಳನ್ನು, ಅರೇಬಿಯದಂಥದೇ ಒಣ ಹವೆಯಿರುವ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಟ್ಟುಗೂಡಿಸಿ ‘ವಿಶ್ವ ಹಿಂಡು’ ಎಂದು ಕರೆದರು. ಅದು ಫೀನಿಕ್ಸಿನ ಹಿಂಡೆನಿಸಿಕೊಳ್ಳಲಿಲ್ಲ, ಲಂಡನ್ನಿನದೂ ಆಗಲಿಲ್ಲ. ಹಿಂಡು ಬೆಳೆದಂತೆ ಪ್ರಾಣಿಗಳನ್ನು ಸ್ಯಾನ್ ಡಿಯಾಗೊ ಮುಂತಾದೆಡೆಗೆ ಹಂಚಿದರು. ಒಂದೆಡೆ ರೋಗ ಬಂದರೂ ಎಲ್ಲವೂ ಹೋಗದಿರಲಿ ಎಂಬುದು ಉದ್ದೇಶ. 1972ರಲ್ಲಿ ಒಮಾನಿನಲ್ಲಿ ಕಾಡಿನ ಕೊನೆಯ ಆರಿಕ್ಸ್‌ಗಳು ಬೇಟೆಗಾರರ ಗುಂಡಿಗೆ ಬಲಿಯಾದವು. ಹತ್ತು ವರ್ಷಗಳ ಬಳಿಕ, 1982ರಲ್ಲಿ, ಅದೇ ಒಮಾನಿನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಮೃಗಾಲಯದ ಸಂತತಿಯನ್ನು ಬಿಡುಗಡೆ ಮಾಡಿದಾಗ, ಆ ನಾಡಿನ ಹರಾಸಿಸ್ ಬುಡಕಟ್ಟಿನವರೇ ಕಾವಲಿಗೆ ನಿಂತರು.

ಈ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ ಎಂಬುದನ್ನೂ ಹೇಳಬೇಕು. 1996ರಿಂದ ಕಳ್ಳಬೇಟೆ ಮತ್ತೆ ಶುರುವಾಗಿ ಒಮಾನಿನ ಹಿಂಡು ಕರಗಿತು. ಸರಕಾರ ಅಲ್ಲಿನ ಆರಿಕ್ಸ್ ಅಭಯಾರಣ್ಯದ ಬಹುಭಾಗವನ್ನು ಕೈಬಿಟ್ಟ ಮೇಲೆ 2007ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆದುಹಾಕಿತು. ಆದರೆ ಅಷ್ಟರಲ್ಲಿ ಸೌದಿ ಅರೇಬಿಯ, ಇಸ್ರೇಲ್ ಮೊದಲಾದ ದೇಶಗಳಲ್ಲೂ ಹಿಂಡುಗಳನ್ನು ಬಿಡಲಾಗಿತ್ತು. 2011ರಲ್ಲಿ, ಜೀವಿಗಳ ಅಳಿವಿನ ಅಪಾಯವನ್ನು ಅಳೆದು ಪಟ್ಟಿಮಾಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಆರಿಕ್ಸ್ ‘ದುರ್ಬಲ’ ವರ್ಗಕ್ಕೆ ಬಂತು. ಒಮ್ಮೆ ‘ಕಾಡಿನಲ್ಲಿ ನಿರ್ನಾಮ’ ಎನಿಸಿಕೊಂಡ ಪ್ರಾಣಿಯೊಂದು ಇಷ್ಟು ಮೇಲಕ್ಕೆ ಬಂದದ್ದು ಅದೇ ಮೊದಲು. ಹಿಂಡನ್ನು ಹಂಚಿಟ್ಟಿದ್ದರ ಬೆಲೆ ತಿಳಿದದ್ದು ಒಂದೆಡೆಯ ಹಿಂಡು ಕುಸಿದಾಗ.

ಎರಡನೆಯದು ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿಯ ಕಾಡುಗಳ ಚಿನ್ನದ ಬಣ್ಣದ ಪುಟ್ಟ ಕೋತಿ, ಗೋಲ್ಡನ್ ಲಯನ್ ಟ್ಯಾಮರಿನ್. ಕಡಲ ಬದಿಯ ಕಾಡು ಕಡಿದು ತೋಟ, ಗದ್ದೆ, ಊರುಗಳಾದ ಕಥೆ ನಮಗೂ ಅಪರಿಚಿತವಲ್ಲ. 1970ರ ದಶಕದ ಆರಂಭಕ್ಕೆ ಕಾಡಿನಲ್ಲಿ ಇನ್ನೂರರ ಆಸುಪಾಸು ಮಾತ್ರ ಉಳಿದಿದ್ದವೆಂದು ಅಂದಾಜು. ಮೃಗಾಲಯಗಳಲ್ಲಿದ್ದವೂ ಸರಿಯಾಗಿ ಮರಿ ಹಾಕುತ್ತಿರಲಿಲ್ಲ. ವಾಷಿಂಗ್ಟನ್ ಮೃಗಾಲಯದ ಡೆವ್ರಾ ಕ್ಲೈಮನ್ ಅವರು ಈ ಕೋತಿಗಳ ಸಂಸಾರದ ರೀತಿಯನ್ನು ಅಧ್ಯಯನ ಮಾಡಿ, ಒಂದು ಗಂಡು ಒಂದು ಹೆಣ್ಣಿನ ಕುಟುಂಬವಾಗಿ ಇಟ್ಟರೆ, ದೊಡ್ಡ ಮರಿಗಳು ತಮ್ಮ ತಂಗಿಯರನ್ನು ಹೊತ್ತು ಸಾಕುವುದನ್ನು ಕಲಿಯಲು ಬಿಟ್ಟರೆ, ಸಂತಾನ ವೃದ್ಧಿಯಾಗುತ್ತದೆಂದು ತೋರಿಸಿಕೊಟ್ಟರು. ಆ ತಿಳಿವನ್ನು ಎಲ್ಲ ಮೃಗಾಲಯಗಳೂ ಹಂಚಿಕೊಂಡವು. 1984ರಿಂದ ಸುಮಾರು 150 ಕೋತಿಗಳು ಬ್ರೆಜಿಲಿನ ಕಾಡಿಗೆ ಮರಳಿದವು. ಮೊದಮೊದಲು ಹೋದವುಗಳಲ್ಲಿ ಬಹಳಷ್ಟು ಸತ್ತವು. ಬಟ್ಟಲಲ್ಲಿ ಹಣ್ಣು ತಿಂದು ಬೆಳೆದವಕ್ಕೆ ತೂಗಾಡುವ ಬಳ್ಳಿಯ ಮೇಲೆ ಓಡಾಡಲೂ ಬರುತ್ತಿರಲಿಲ್ಲ. ಆದರೆ ಬದುಕಿದವುಗಳ ಮಕ್ಕಳು ಕಾಡಿನಲ್ಲೇ ಹುಟ್ಟಿದ್ದರಿಂದ ಅವಕ್ಕೆ ಆ ಕಷ್ಟವಿರಲಿಲ್ಲ. ಇಂದು ಕಾಡಿನಲ್ಲಿರುವ ಆ ಕೋತಿಗಳಲ್ಲಿ ಮೂರರಲ್ಲೊಂದು ಪಾಲು ಮೃಗಾಲಯದ ಪೂರ್ವಜರಿಂದ ಬಂದದ್ದೆಂದು ಹೇಳುತ್ತಾರೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದು: ಅಮೆರಿಕ ಯುರೋಪಿನ ಮೃಗಾಲಯಗಳು ತಮ್ಮ ಆವರಣದಲ್ಲಿ, ತಮ್ಮ ಖರ್ಚಿನಲ್ಲಿ ಸಾಕುತ್ತಿದ್ದ ಈ ಕೋತಿಗಳ ಒಡೆತನವನ್ನು ಬ್ರೆಜಿಲ್ ಸರಕಾರಕ್ಕೆ ಒಪ್ಪಿಸಿದವು. ಪ್ರಾಣಿ ಎಲ್ಲೇ ಇರಲಿ, ಅದು ಅದರ ಕಾಡಿನ ನಾಡಿಗೆ ಸೇರಿದ್ದು ಎಂಬ ತತ್ತ್ವವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿದಂತಾಯಿತು.

ನಮ್ಮ ದೇಶದಲ್ಲೂ ಇಂಥ ಕೊಡುಕೊಳ್ಳುವಿಕೆಗೆ ಹಳೆಯ ಉದಾಹರಣೆಯಿದೆ. 1970ರ ದಶಕದಲ್ಲಿ ಉದ್ದ ಮೂತಿಯ ಘರಿಯಾಲ್ ಮೊಸಳೆ ನಮ್ಮ ನದಿಗಳಿಂದ ಬಹುತೇಕ ಮಾಯವಾಗಿತ್ತು. ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಸಂತಾನಾಭಿವೃದ್ಧಿಗೆ ತಕ್ಕ ಗಂಡು ಬೇಕಾದಾಗ ಅದು ಬಂದದ್ದು ಜರ್ಮನಿಯ ಫ್ರಾಂಕ್‌ಫರ್ಟ್ ಮೃಗಾಲಯದಿಂದ. 1980ರಲ್ಲಿ ಅಲ್ಲಿ ಮೊದಲ ಬಾರಿಗೆ ಸೆರೆಯಲ್ಲಿದ್ದ ಘರಿಯಾಲ್‌ಗಳಿಂದ ಮರಿಗಳಾದವು. ಗಂಗೆ ಮಹಾನದಿಗಳ ಪ್ರಾಣಿಯ ವಂಶ ಮುಂದುವರಿಯಲು ಜರ್ಮನಿಯ ಕೊಳವೊಂದರಲ್ಲಿದ್ದ ಗಂಡು ಬೇಕಾಯಿತೆಂಬುದು ಆ ಕಾಲದ ಸ್ಥಿತಿಯನ್ನು ಹೇಳುತ್ತದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮದೇ ಪ್ರಾಣಿಯ ಉದಾಹರಣೆಯಿದೆ. ಅಮೆರಿಕದ ಮೃಗಾಲಯಗಳು ಗಿರ್ ಸಿಂಹಗಳೆಂದು ತಿಳಿದು ಬಹಳ ಶ್ರದ್ಧೆಯಿಂದ ಜಂಟಿ ಯೋಜನೆ ನಡೆಸಿಕೊಂಡು ಬಂದಿದ್ದವು. 1987ರಲ್ಲಿ ವಂಶವಾಹಿ ಪರೀಕ್ಷೆ ಮಾಡಿದಾಗ, ಆ ಸಂತತಿಯ ಐದು ಮೂಲ ಪೂರ್ವಜರಲ್ಲಿ ಎರಡಕ್ಕೆ ಆಫ್ರಿಕದ ಸಿಂಹದ ರಕ್ತಸಂಬಂಧವಿರುವುದು ತಿಳಿದುಬಂತು. ಯೋಜನೆಯೇ ನಿಂತುಹೋಯಿತು. ಭಾರತದಲ್ಲೂ ಸರ್ಕಸ್ಸಿನಿಂದ ಬಂದ ಸಿಂಹಗಳು ಬೆರೆತು ಚಂಡೀಗಢದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಮಿಶ್ರತಳಿ ಹೆಚ್ಚಿದಾಗ, ಅವುಗಳ ಸಂತಾನವನ್ನು ನಿಲ್ಲಿಸಿ, ಜುನಾಗಢದ ಸಕ್ಕರ್‌ಬಾಗ್‌ನಂಥ ಕಡೆಯ ಶುದ್ಧ ಸಂತತಿಯನ್ನೇ ಆಧರಿಸಬೇಕಾಯಿತು. ಮೂಲ ತಿಳಿಯದ ಪ್ರಾಣಿಯನ್ನು ಪುಸ್ತಕಕ್ಕೆ ಸೇರಿಸುವುದರಿಂದ ಇಡೀ ಪುಸ್ತಕ ನಿರುಪಯುಕ್ತವಾಗಬಹುದು.

ಈ ಮಾತು ನಮ್ಮ ಪಿಲಿಕುಳಕ್ಕೆ ಇಂದು ನೇರವಾಗಿ ಅನ್ವಯಿಸುತ್ತದೆ. ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಯೋಜನೆಯಲ್ಲಿ ಪ್ರತಿ ಆಯ್ದ ಪ್ರಭೇದಕ್ಕೂ ಒಂದು ಸಮನ್ವಯ ಮೃಗಾಲಯ, ಅದರ ಜೊತೆಗೆ ಕೆಲವು ಸಹಭಾಗಿ ಮೃಗಾಲಯಗಳು ಇರುತ್ತವೆ. ಆ ಪ್ರಾಣಿಯ ಸಹಜ ನೆಲೆಗೆ ಹತ್ತಿರವಾದ, ಅದೇ ಹವೆಯಿರುವ ಮೃಗಾಲಯಕ್ಕೆ ಆದ್ಯತೆ. ಹಿಮಾಲಯದ ಕೆಂಪು ಪಾಂಡಾಕ್ಕೆ ಡಾರ್ಜಿಲಿಂಗ್, ಸೀಳುನಾಯಿಗೆ ವಿಶಾಖಪಟ್ಟಣ; ಹಾಗೆಯೇ ಕಾಳಿಂಗ ಸರ್ಪಕ್ಕೆ ನಮ್ಮ ಪಿಲಿಕುಳ. ಆಗುಂಬೆ, ಕುದುರೆಮುಖ, ಚಾರ್ಮಾಡಿಯ ಮಳೆಕಾಡುಗಳ ಕೆಳಗೇ ಇರುವ ಊರಿಗೆ ಇದಕ್ಕಿಂತ ಯೋಗ್ಯವಾದ ಹೊಣೆ ಬೇರೊಂದಿಲ್ಲ.

ಕಾಳಿಂಗವನ್ನು ಸೆರೆಯಲ್ಲಿ ವೃದ್ಧಿಸುವುದು ಎಷ್ಟು ಕಷ್ಟವೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಾರ್ಚ್ ಏಪ್ರಿಲ್ ಹೊತ್ತಿಗೆ ಗಂಡು ಹೆಣ್ಣು ಜೊತೆಯಾಗುತ್ತವೆ. ಆದರೆ ಹಾವನ್ನೇ ತಿನ್ನುವ ಹಾವು ಇದಾದ್ದರಿಂದ, ಗಂಡು ಹೆಣ್ಣನ್ನೇ ಕೊಂದ ಪ್ರಸಂಗಗಳು ಕಾಡಿನಲ್ಲೂ ದಾಖಲಾಗಿವೆ. ಒಂದೇ ಆವರಣಕ್ಕೆ ಬಿಟ್ಟ ಮೇಲೆ ಪಾಲಕರು ಕಣ್ಣು ಮಿಟುಕಿಸುವಂತಿಲ್ಲ. ಮಳೆಗಾಲ ಹಿಡಿಯುವ ಮುನ್ನ ಹೆಣ್ಣು ಮೈಯ ಸುರುಳಿಯಿಂದ ಒಣಗಿದ ಎಲೆಗಳನ್ನು ಎಳೆದೆಳೆದು ರಾಶಿ ಮಾಡುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗವೊಂದೇ. ಮೃಗಾಲಯದಲ್ಲಿ ಆ ಎಲೆಗಳನ್ನು ಪಾಲಕರೇ ತಂದು ಹಾಕಬೇಕು; ಬಿದಿರಿನ ಎಲೆಯಂಥ ಹಗುರಾದ ತರಗು ಸಾಲುವಷ್ಟಿಲ್ಲದಿದ್ದರೆ ಗೂಡು ನಿಲ್ಲುವುದಿಲ್ಲ. ಮೊಟ್ಟೆ ಇಟ್ಟು ಎರಡೂವರೆ, ಮೂರು ತಿಂಗಳ ಕಾಲ, ನಮ್ಮ ಕರಾವಳಿಯ ಜಡಿಮಳೆ ಸುರಿಯುತ್ತಿರುವಾಗ, ರಾಶಿಯ ಒಳಗೆ ತೇವವೂ ಬಿಸಿಯೂ ಒಂದು ಹದದಲ್ಲಿ ಇರಬೇಕು. ತೇವ ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಮೊಟ್ಟೆ ಸುಕ್ಕಾಗುತ್ತದೆ. ಮರಿಗಳು ಹೊರಬಂದ ಮೇಲೆ ನಿಜವಾದ ಸವಾಲು ಶುರು. ಹುಟ್ಟಿನಿಂದಲೇ ವಿಷವಿರುವ ಆ ಸುಮಾರು ಎರಡು ಗೇಣುದ್ದದ ಮರಿಗಳಿಗೆ ಚಿಕ್ಕ ಚಿಕ್ಕ ಹಾವುಗಳೇ ಆಹಾರ. ದೊಡ್ಡವಕ್ಕೆ ಬೇಕಾದ ಕೇರೆ ಹಾವು, ನೀರು ಹಾವುಗಳೂ ಕಾನೂನಿನ ರಕ್ಷಣೆಯಲ್ಲೇ ಇರುವಂಥವು. ಆದ್ದರಿಂದ ಒಂದು ಕಡೆ ಸೋತ ಆಹಾರ ಕ್ರಮ ಯಾವುದು, ಗೆದ್ದದ್ದು ಯಾವುದು, ಯಾವ ಉಷ್ಣತೆಯಲ್ಲಿ ಎಷ್ಟು ಮೊಟ್ಟೆ ಒಡೆದವು ಎಂಬ ದಾಖಲೆ ಒಂದು ಮೃಗಾಲಯದ ಕಪಾಟಿನಲ್ಲಿ ಉಳಿಯದೆ ಉಳಿದವರಿಗೂ ತಲುಪುವುದು ಹಾವನ್ನೇ ಕಳುಹಿಸುವಷ್ಟು ಮುಖ್ಯ.

ಇದರ ನಡುವೆ 2024ರಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಇಲ್ಲಿಯವರೆಗೆ ಒಂದೇ ಪ್ರಭೇದವೆಂದು ತಿಳಿದಿದ್ದ ಕಾಳಿಂಗ ಸರ್ಪ ವಾಸ್ತವವಾಗಿ ನಾಲ್ಕು ಪ್ರಭೇದಗಳೆಂದು, ಆಗುಂಬೆಯಲ್ಲಿ ದೀರ್ಘಕಾಲ ಕೆಲಸ ಮಾಡಿರುವ ಪಿ. ಗೌರಿಶಂಕರ್ ಮತ್ತು ಸಹಸಂಶೋಧಕರು ಪ್ರಕಟಿಸಿದರು. ಪಶ್ಚಿಮಘಟ್ಟದ್ದು ಈಗ ‘ಓಫಿಯೋಫೇಗಸ್ ಕಾಳಿಂಗ’ ಎಂಬ ಪ್ರತ್ಯೇಕ ಪ್ರಭೇದ; ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು. ಮೃಗಾಲಯಗಳಿಗೆ ಇದರ ಅರ್ಥ ಸ್ಪಷ್ಟ. ಈಶಾನ್ಯ ಭಾರತದಿಂದಲೋ ಒಡಿಶಾದಿಂದಲೋ ಬಂದ ಗಂಡನ್ನು ನಮ್ಮ ಘಟ್ಟದ ಹೆಣ್ಣಿನ ಜೊತೆ ಸೇರಿಸಿದರೆ ಅದು ಎರಡು ಪ್ರಭೇದಗಳ ಮಿಶ್ರಣ. ಸಿಂಹಗಳ ವಿಷಯದಲ್ಲಿ ಆದದ್ದು ಇಲ್ಲಿ ಆಗಬಾರದೆಂದರೆ ದೇಶದ ಪ್ರತಿ ಮೃಗಾಲಯದ ಪ್ರತಿ ಕಾಳಿಂಗದ ಮೂಲ ಊರನ್ನು ಹಳೆಯ ಕಡತಗಳಿಂದ ಹುಡುಕಿ, ಅನುಮಾನವಿದ್ದಲ್ಲಿ ವಂಶವಾಹಿ ಪರೀಕ್ಷೆ ಮಾಡಿಸಿ, ಪುಸ್ತಕವನ್ನು ಬೇರೆಬೇರೆಯಾಗಿ ಬರೆಯಬೇಕು. ಸಮನ್ವಯ ಮೃಗಾಲಯವೆಂಬ ಹೆಸರಿಗೆ ಇನ್ನು ಮುಂದೆ ಮೊದಲಿಗಿಂತ ಹೆಚ್ಚಿನ ಭಾರವಿದೆ ಎಂದು ನಾನು ನಂಬುತ್ತೇನೆ, ಮತ್ತು ಮಂಗಳೂರು ಅದನ್ನು ಹೆಮ್ಮೆಯಿಂದ ಹೊರಬೇಕು.

ಪ್ರಾಣಿಯೊಂದನ್ನು ಊರಿನಿಂದ ಊರಿಗೆ ಕಳುಹಿಸುವುದು ಲಾರಿ ಗೊತ್ತುಮಾಡುವಷ್ಟು ಸುಲಭವಲ್ಲ. ಅನುಮತಿಯ ಕಾಗದಗಳು ಬರುವ ಹೊತ್ತಿಗೆ ಪ್ರಯಾಣದ ಪೆಟ್ಟಿಗೆಯನ್ನು ಅದರ ರಾತ್ರಿ ಮನೆಯ ಬಾಗಿಲಿಗೆ ತಂದಿಟ್ಟು, ಕೆಲವು ವಾರ ಅದರೊಳಗೇ ಆಹಾರ ಇಡುತ್ತಾರೆ. ಪ್ರಾಣಿ ತಾನಾಗಿ ಒಳಹೋಗಿ ಮಲಗುವಷ್ಟು ಅಭ್ಯಾಸವಾದರೆ ಅರಿವಳಿಕೆಯ ಚುಚ್ಚುಮದ್ದಿನ ಅಪಾಯ ತಪ್ಪುತ್ತದೆ. ರಕ್ತ, ಮಲ ಪರೀಕ್ಷೆಯಾಗಬೇಕು, ಚರ್ಮದಡಿ ಹಾಕಿದ ಮೈಕ್ರೋಚಿಪ್ಪಿನ ಸಂಖ್ಯೆ ಪುಸ್ತಕದ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ಪಶುವೈದ್ಯರೂ ಅದನ್ನು ಸಾಕಿದ ಪಾಲಕರೂ ಜೊತೆಯಲ್ಲೇ ಹೋಗುತ್ತಾರೆ. ಇಲ್ಲಿಂದ ಹೊರಟರೆ ಘಟ್ಟ ಹತ್ತುವುದು ಅನಿವಾರ್ಯವಾದ್ದರಿಂದ ಬಿಸಿಲಿಳಿದ ಮೇಲೆ ಹೊರಟು, ತಿರುವುಗಳಲ್ಲಿ ನಿಧಾನವಾಗಿ, ನಡುನಡುವೆ ನಿಲ್ಲಿಸಿ ನೀರು ಕೊಡಬೇಕು. ತಲುಪಿದ ಮೇಲೆ ಸುಮಾರು ಒಂದು ತಿಂಗಳು ಕ್ವಾರಂಟೈನ್. ಆ ಹೊಸ ಊರಿನ ಪಾಲಕರಿಗೆ ಇದು ಯಾವ ಹೆಸರಿಗೆ ಓಗೊಡುತ್ತದೆ, ಯಾವ ಶಬ್ದಕ್ಕೆ ಹೆದರುತ್ತದೆ, ಕುಂಬಳ ಇಷ್ಟವೋ ಬಾಳೆ ಇಷ್ಟವೋ ಎಂದು ಹೇಳಿಕೊಟ್ಟು ಮರಳುವವರು ಹಳೆಯ ಪಾಲಕರು. ಸಹಕಾರ ಎಂಬ ದೊಡ್ಡ ಮಾತು ನೆಲದ ಮೇಲೆ ನಡೆಯುವುದು ಇವರ ಕೈಯಲ್ಲಿ; ಸಮಾರಂಭದ ಫೋಟೊಗಳಲ್ಲಿ ಇವರು ಕಾಣಿಸುವುದು ಅಪರೂಪವೆಂಬುದು ನನಗೆ ಬೇಸರದ ಸಂಗತಿ.

ಮರಿ ಮಾಡಿಸುವುದಕ್ಕಿಂತ ಕಠಿಣವಾದದ್ದು ಮರಿಯಾಗದಂತೆ ತಡೆಯುವುದು. ಜಾಗ ಸೀಮಿತ. ಒಂದು ವಂಶ ಅತಿಯಾಗಿ ಬೆಳೆದರೆ ಇನ್ನೊಂದಕ್ಕೆ ಜಾಗ ಉಳಿಯುವುದಿಲ್ಲ. 2014ರ ಫೆಬ್ರುವರಿಯಲ್ಲಿ ಕೋಪನ್‌ಹೇಗನ್ ಮೃಗಾಲಯ, ಎರಡು ವರ್ಷದ ಆರೋಗ್ಯವಂತ ಜಿರಾಫೆಯೊಂದನ್ನು ಅದರ ವಂಶ ಈಗಾಗಲೇ ಸಾಕಷ್ಟಿದೆ ಎಂಬ ಕಾರಣಕ್ಕೆ ಕೊಂದಾಗ ಜಗತ್ತಿನಾದ್ಯಂತ ಆಕ್ರೋಶವೆದ್ದಿತು. ಲೆಕ್ಕದ ದೃಷ್ಟಿಯಿಂದ ಅವರ ವಾದ ನನಗೆ ಅರ್ಥವಾಗುತ್ತದೆ; ಆದರೆ ಹಾಗೆ ಮಾಡುವುದನ್ನು ಒಪ್ಪಲು ನನ್ನಿಂದಾಗದು, ನಮ್ಮ ದೇಶದ ವ್ಯವಸ್ಥೆಯೂ ಆ ದಾರಿ ಹಿಡಿದಿಲ್ಲ. ಗಂಡು ಹೆಣ್ಣುಗಳನ್ನು ಬೇರೆ ಇಡುವುದು, ಗರ್ಭನಿರೋಧಕ ಬಳಸುವುದು ನಮ್ಮ ಮಾರ್ಗ. ಅದೂ ನಿರಪಾಯವಲ್ಲ: ಆನೆ, ಘೇಂಡಾಮೃಗಗಳಲ್ಲಿ ಬಹಳ ವರ್ಷ ಮರಿಯಾಗದೆ ಉಳಿದ ಹೆಣ್ಣುಗಳ ಗರ್ಭಕೋಶದಲ್ಲಿ ಗಡ್ಡೆಗಳಾಗಿ ಮುಂದೆ ಬೇಕೆಂದಾಗಲೂ ಮರಿಯಾಗದ ಸ್ಥಿತಿ ಬರುತ್ತದೆ. ಹೆಚ್ಚುವರಿ ಗಂಡುಗಳಿಗೆ ಬೇರೊಂದು ಪರಿಹಾರವನ್ನು ಯುರೋಪಿನವರು ಕಂಡುಕೊಂಡಿದ್ದಾರೆ. 2021ರಲ್ಲಿ ಜರ್ಮನಿಯಿಂದ ಮೈಸೂರು ಮೃಗಾಲಯಕ್ಕೆ ಎರಡು ಗಂಡು ಗೊರಿಲ್ಲಾಗಳು ಬಂದದ್ದು ನಿಮಗೆ ನೆನಪಿರಬಹುದು. ಹೆಣ್ಣನ್ನು ಯಾಕೆ ಕಳುಹಿಸಲಿಲ್ಲ ಎಂದು ಹಲವರು ಕೇಳಿದ್ದರು. ಒಂದು ಗಂಡು ಹಲವು ಹೆಣ್ಣುಗಳ ಕುಟುಂಬ ಕಟ್ಟುವ ಗೊರಿಲ್ಲಾಗಳಲ್ಲಿ ಹುಟ್ಟುವ ಗಂಡುಗಳೆಲ್ಲಕ್ಕೂ ಕುಟುಂಬ ಸಿಗಲಾರದು. ಅವನ್ನು ಗಂಡುಗಳ ಗುಂಪಾಗಿ ಸಾಕಲು ಒಪ್ಪುವ ಮೃಗಾಲಯ ಇಡೀ ಯೋಜನೆಯ ಒಂದು ಭಾರವನ್ನು ಹೊತ್ತಂತೆ.

ಇದಕ್ಕೆ ವಿರುದ್ಧವಾಗಿ ಬಿಳಿ ಹುಲಿಗಳ ವಿಚಾರವಿದೆ. 1951ರಲ್ಲಿ ರೇವಾದ ಕಾಡಿನಲ್ಲಿ ಹಿಡಿದ ಮೋಹನ್ ಎಂಬ ಗಂಡನ್ನು ಅದರ ಮಗಳೊಂದಿಗೇ ಸೇರಿಸಿ 1958ರಲ್ಲಿ ಬಿಳಿ ಮರಿಗಳನ್ನು ಪಡೆದರು. ಬಣ್ಣಕ್ಕಾಗಿ ರಕ್ತಸಂಬಂಧವನ್ನೇ ಬೆಳೆಸಿದ ಪರಿಣಾಮ ಅವುಗಳಲ್ಲಿ ಮೆಳ್ಳೆಗಣ್ಣು ಮೊದಲಾದ ತೊಂದರೆಗಳು ಸಾಮಾನ್ಯ. 2011ರಲ್ಲಿ ಅಮೆರಿಕದ ಸಂಘ ತನ್ನ ಸದಸ್ಯರಿಗೆ ಬಣ್ಣಕ್ಕಾಗಿಯೇ ಇಂಥ ಸಂತಾನ ಬೆಳೆಸಬಾರದೆಂದು ಸೂಚಿಸಿತು. ಪ್ರಭೇದ ಸಂರಕ್ಷಣೆಗೆ ಬಿಳಿ ಹುಲಿಯಿಂದ ಯಾವ ಪ್ರಯೋಜನವೂ ಇಲ್ಲ. ಅದಕ್ಕೆ ಕೊಟ್ಟ ಆವರಣ ಸೀಳುನಾಯಿಗೋ ಸಿಂಗಳೀಕಕ್ಕೋ ಸಿಗಬಹುದಾಗಿದ್ದ ಆವರಣ.

ಮೃಗಾಲಯ ಏನು ಮಾಡಲಾರದು ಎಂಬುದನ್ನೂ ಹೇಳಿಬಿಡಬೇಕು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಉಳಿದಿದ್ದ ಹೆಣಗಳನ್ನು ತಿಂದು ರಣಹದ್ದುಗಳು ಸತ್ತು, ಬಿಳಿಬೆನ್ನಿನ ರಣಹದ್ದು ಶೇ. 99ಕ್ಕೂ ಹೆಚ್ಚು ಕುಸಿದಾಗ, ಹರಿಯಾಣದ ಪಿಂಜೋರ್ ಕೇಂದ್ರದ ಜೊತೆ ಜುನಾಗಢ, ಭೋಪಾಲ, ಹೈದರಾಬಾದ್, ಭುವನೇಶ್ವರದ ಮೃಗಾಲಯಗಳೂ ಸೇರಿ ಹದ್ದುಗಳನ್ನು ಸಾಕತೊಡಗಿದವು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. 2006ರಲ್ಲಿ ಆ ಔಷಧಿಯನ್ನು ದನಗಳಿಗೆ ಕೊಡುವುದನ್ನು ನಿಷೇಧಿಸದೆ ಇದ್ದಿದ್ದರೆ, ಸಾಕಿದ ಹದ್ದುಗಳನ್ನು ಹೊರಗೆ ಬಿಡುವ ಮಾತೇ ಬರುತ್ತಿರಲಿಲ್ಲ. ಸಿಂಗಳೀಕದ ವಿಷಯವೂ ಹಾಗೆಯೇ. ವಂಡಲೂರು, ಮೈಸೂರು, ತಿರುವನಂತಪುರಗಳಲ್ಲಿ ಅದನ್ನು ಸಾಕುತ್ತಿದ್ದಾರೆ, ಯುರೋಪಿನಲ್ಲೂ ಅದರ ಪುಸ್ತಕವಿದೆ. ಆದರೆ ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳಿಂದ ಅಘನಾಶಿನಿಯವರೆಗಿನ ಕಾಡಿನ ಮೇಲ್ಛಾವಣಿ ರಸ್ತೆಗಾಗಿಯೂ ವಿದ್ಯುತ್ ತಂತಿಗಾಗಿಯೂ ತುಂಡಾಗುತ್ತ ಹೋದರೆ, ಮರದಿಂದ ಮರಕ್ಕೆ ಹಾರಿಯೇ ಬದುಕುವ ಆ ಕೋತಿಯನ್ನು ಮರಳಿ ಬಿಡಲು ಜಾಗವೇ ಉಳಿಯುವುದಿಲ್ಲ.

ಉಪನ್ಯಾಸದ ನಂತರ ಉಡುಪಿಯ ಕಡೆಯ ಕೃಷಿಕರೊಬ್ಬರು ಒಂದು ಪ್ರಶ್ನೆ ಕೇಳಿದರು: ನಮ್ಮೂರಿನ ಬಾವಿಗಳಿಗೆ ಬೀಳುವ ಚಿರತೆಗಳನ್ನು ಹಿಡಿದು ಮೃಗಾಲಯಕ್ಕೆ ಕೊಟ್ಟರೆ ಅದೂ ಸಂರಕ್ಷಣೆಯೇ ತಾನೆ? ಬಹಳ ಯೋಗ್ಯವಾದ ಪ್ರಶ್ನೆ. ಗಾಯಗೊಂಡ, ಕಾಡಿಗೆ ಬಿಡಲಾಗದ ಪ್ರಾಣಿಗೆ ಆಶ್ರಯ ಕೊಡುವುದು ಕರುಣೆಯ ಕೆಲಸ, ಅದು ಆಗಲೇಬೇಕು. ಆದರೆ ಆರೋಗ್ಯವಾಗಿರುವ ಚಿರತೆಯನ್ನು ಬಾವಿಯಿಂದ ಎತ್ತಿದ ಮೇಲೆ ಅದು ಸೇರಬೇಕಾದದ್ದು ಹತ್ತಿರದ ಕಾಡಿಗೆ. ಮೃಗಾಲಯಗಳಲ್ಲಿ ಚಿರತೆಗಳ ಕೊರತೆಯಿಲ್ಲ. ಒಂದೊಂದು ಚಿರತೆಯೂ ಹತ್ತು ಹದಿನೈದು ವರ್ಷ ಒಂದು ಆವರಣ ಹಿಡಿಯುತ್ತದೆ, ಅಷ್ಟೂ ವರ್ಷ ಆ ಜಾಗದಲ್ಲಿ ಸಂತಾನ ಯೋಜನೆಯ ಇನ್ನೊಂದು ಪ್ರಾಣಿಗೆ ಅವಕಾಶವಿರುವುದಿಲ್ಲ. ಆಶ್ರಯಕ್ಕೆ ಬಂದ ಪ್ರಾಣಿಗಳ ಪುನರ್ವಸತಿ ಕೇಂದ್ರವೂ ಸಂತಾನ ಕೇಂದ್ರವೂ ಬೇರೆಬೇರೆಯಾಗಿರಬೇಕೆನ್ನುವುದು ಇದಕ್ಕಾಗಿಯೇ. ಬಾವಿಗೆ ಕಟ್ಟೆ ಕಟ್ಟಿಸಿ, ಮೇಲೆ ಬಲೆ ಹಾಕಿಸಿದರೆ ಚಿರತೆಗೂ ಪಿಲಿಕುಳಕ್ಕೂ ಒಟ್ಟಿಗೇ ಉಪಕಾರ ಮಾಡಿದಂತಾಗುತ್ತದೆ ಎಂದು ಅವರಿಗೆ ಹೇಳಿದೆ. ತಮ್ಮ ತೋಟದ ಎರಡು ಬಾವಿಗಳಲ್ಲಿ ಒಂದಕ್ಕೆ ಇನ್ನೂ ಕಟ್ಟೆಯಿಲ್ಲವೆಂದೂ, ಮಳೆ ಶುರುವಾಗುವ ಮುನ್ನ ಆ ಕೆಲಸ ಮುಗಿಸುವೆನೆಂದೂ ಅವರು ಹೇಳಿದರು.